ನೀನು ಬಿಟ್ಟುಹೋದ ಒಪ್ಪತ್ತು

ಅವ್ವಾ,

ನೀನು ಹೋಗಿ ಆರು ವರ್ಷವಾಯಿತು. ಇಷ್ಟು ದಿನ ಒಂದು ಅಕ್ಷರ ಬರೆಯದವಳು ಇವತ್ತು ಬರೆಯಲು ಕೂತಿದ್ದಾಳೆ ಅಂದರೆ ಪ್ರೀತಿ ಉಕ್ಕಿ ಅಂತ ತಿಳಿಯಬೇಡ. ನಿನ್ನ ಮೇಲೆ ಸಿಟ್ಟಿದೆ. ಸಿಟ್ಟಿಗಿಂತ ಹೆಚ್ಚು ಹೆದರಿಕೆ ಇದೆ. ಭಾನುವಾರ ಮಧ್ಯಾಹ್ನ, ಅಂಗಡಿ ಬಾಗಿಲು ಹಾಕಿದ್ದೇನೆ. ನಿನ್ನ ಮಗ ಮಂಜ ನಮ್ಮ ನಡುಮನೆಯಲ್ಲಿ ಚಾಪೆಯ ಮೇಲೆ ಮಲಗಿದ್ದಾನೆ. ಅವನ ಎರಡೂ ಕಿಡ್ನಿ ಕೆಟ್ಟು ವರ್ಷವಾಗುತ್ತ ಬಂತು. ವಾರಕ್ಕೆ ಎರಡು ಸಲ ಯಗಟಿಯಿಂದ ಬಸ್ಸು ಹತ್ತಿ ಕಡೂರಿಗೆ ಹೋಗಿ ಡಯಾಲಿಸಿಸ್ ಮಾಡಿಸಿಕೊಂಡು ಬರುತ್ತಾನೆ. ಕುಡಿಯುವ ನೀರನ್ನೂ ಲೋಟದಲ್ಲಿ ಅಳೆದು ಕುಡಿಯಬೇಕು. ಅಷ್ಟು ತೆಂಗಿನ ಮರ ಇಟ್ಟುಕೊಂಡವನು ಒಂದು ಎಳನೀರು ಮುಟ್ಟುವ ಹಾಗಿಲ್ಲ. ಮುಖ ಊದಿ, ಕೈಕಾಲು ಮಾತ್ರ ಕಡ್ಡಿಯಾಗಿ, ನೀನು ಬಂದು ನೋಡಿದರೆ ಗುರುತು ಹಿಡಿಯುವುದು ಕಷ್ಟ. ನನ್ನದೊಂದು ಕಿಡ್ನಿ ಅವನಿಗೆ ಹೊಂದುತ್ತದೆ. ಕೊಡಲು ನಾನು ತಯಾರಾಗಿಯೇ ಇದ್ದೇನೆ. ಆದರೂ ಕೊಡಲಾಗಿಲ್ಲ. ಅದಕ್ಕೆ ಕಾರಣ ನಾನು. ಅರ್ಧ ಕಾರಣ ನೀನು.

ಮೊದಲ ಸಲ ದೊಡ್ಡಾಸ್ಪತ್ರೆಗೆ ಹೋದ ದಿನ ಡಾಕ್ಟರು ಕೇಳಿದ ಮೊದಲ ಪ್ರಶ್ನೆ, "ತಾಯಿ ಇದಾರಾ?" ಇಲ್ಲ ಅಂದೆ. ಮಂಜನ ಹೆಂಡತಿಗೆ ಸಕ್ಕರೆ ಕಾಯಿಲೆ, ಅವಳದ್ದು ಆಗುವುದಿಲ್ಲ ಅಂದರು. ಉಳಿದವಳು ನಾನು. ರಕ್ತ ಹೊಂದಿತು, ಇನ್ನೇನೇನೋ ಹೊಂದಿತು. ಆಮೇಲೆ ತೂಕದ ಮಿಷನ್ ಮೇಲೆ ನಿಲ್ಲಿಸಿದರು. ಎಂಬತ್ತಾರು ಕೆಜಿ. ನಗಬೇಡ. ದಿನವಿಡೀ ಹೊಲಿಗೆ ಮಿಷನ್ ಮುಂದೆ ಕೂತು, ಬಂದವರ ಜೊತೆ ಸಕ್ಕರೆ ಹಾಕಿದ ಟೀ ಕುಡಿದು, ಮಕ್ಕಳು ಬಿಟ್ಟ ಅನ್ನ ದಂಡವಾಗಬಾರದು ಅಂತ ಬಳಿದುಕೊಂಡು ತಿಂದರೆ ಇನ್ನೇನಾಗುತ್ತದೆ? ಹತ್ತು ಕೆಜಿ ಇಳಿಸಿಕೊಂಡು ಬನ್ನಿ, ನಾಲ್ಕು ತಿಂಗಳು ತೆಗೆದುಕೊಳ್ಳಿ, ಅವಸರ ಬೇಡ ಅಂದರು. ಅವಸರ ಬೇಡವಂತೆ. ಹೊರಗೆ ಬೆಂಚಿನ ಮೇಲೆ ಮಂಜ ಗೋಡೆಗೆ ಒರಗಿ ಕಣ್ಣು ಮುಚ್ಚಿ ಕೂತಿದ್ದ.

ಊಟದ ವಿಷಯ ಹೇಳಿಕೊಡಲು ಅಲ್ಲೊಬ್ಬ ಹುಡುಗಿ ಇದ್ದಾಳೆ, ಡಯಟೀಷಿಯನ್. ದಿನಕ್ಕೆ ಏನೇನು ತಿನ್ನುತ್ತೀರಿ ಅಂದಳು. ನಾನು ಒಂದೇ ಉಸಿರಿಗೆ ಹೇಳಿದೆ, ಬೆಳಿಗ್ಗೆ ರೊಟ್ಟಿ, ಮಧ್ಯಾಹ್ನ ಮುದ್ದೆ, ಸೊಪ್ಪಿನ ಸಾರು, ರಾತ್ರಿ ಅನ್ನ, ಮಜ್ಜಿಗೆ. ಅವಳು ಪೆನ್ನು ಕೆಳಗಿಟ್ಟು ನನ್ನನ್ನೇ ನೋಡಿದಳು. "ಅಮ್ಮ, ಇದು ನೀವು ಮನೆಯವರಿಗೆ ಮಾಡಿ ಹಾಕಿದ್ದು. ನೀವೇನು ತಿಂದ್ರಿ, ಅದನ್ನ ಹೇಳಿ." ನಿಂತುಕೊಂಡು, ಪಾತ್ರೆಯಲ್ಲೇ, ಉಳಿದದ್ದನ್ನು ತಿನ್ನುವವಳಿಗೆ ಲೆಕ್ಕ ಎಲ್ಲಿ ಸಿಗುತ್ತದೆ? ನೀನೂ ತಟ್ಟೆ ಹಾಕಿಕೊಂಡು ಕೂತು ಉಂಡದ್ದು ನನಗೆ ನೆನಪಿಲ್ಲ. ಅವಳು ಒಂದು ಹಾಳೆ ಬರೆದುಕೊಟ್ಟಳು. ಬೆಳಿಗ್ಗೆ ಇಷ್ಟು, ಹನ್ನೊಂದಕ್ಕೆ ಇಷ್ಟು ಹೆಸರುಕಾಳು, ಮಧ್ಯಾಹ್ನ ಸಣ್ಣ ಮುದ್ದೆ, ತರಕಾರಿ, ಮೊಸರು, ಸಂಜೆ ಒಂದು ಹಣ್ಣು, ನಡಿಗೆ, ರಾತ್ರಿ ಮಧ್ಯಾಹ್ನದಷ್ಟೇ ಊಟ, ಒಂದು ಮೊಟ್ಟೆ. ಸಾವಿರದ ಐನೂರು ಕ್ಯಾಲೋರಿಗಿಂತ ಕೆಳಗೆ ಇಳಿಯಲೇಬೇಡಿ ಅಂತ ಅಡಿಗೆರೆ ಎಳೆದಳು. ಸಣ್ಣಗಾಗಲು ಬಂದವಳಿಗೆ ಐದು ಹೊತ್ತು ತಿನ್ನು ಅನ್ನುತ್ತಾಳಲ್ಲ, ಈ ಹುಡುಗಿಗೆ ಏನು ಗೊತ್ತು ಅಂದುಕೊಂಡೆ. ಹಾಳೆಯನ್ನು ಮಡಿಚಿ ಪರ್ಸಿನಲ್ಲಿಟ್ಟೆ.

ವಾಪಸು ಬರುವ ರೈಲಿನಲ್ಲಿ, ನಮ್ಮ ಅಜ್ಜಂಪುರ ಇನ್ನೂ ಮೂರು ಸ್ಟೇಷನ್ ದೂರವಿರುವಾಗ, ನೀನು ನೆನಪಾದೆ. ಮಂಜನಿಗೆ ನಾಲ್ಕು ವರ್ಷವಿದ್ದಾಗ ಕಾಮಾಲೆಯಾಗಿ ಕಣ್ಣೆಲ್ಲ ಹಳದಿ ತಿರುಗಿತ್ತು. ಆಗ ನೀನು ಮನೆದೇವರಿಗೆ ಹರಕೆ ಹೊತ್ತೆ, ಮಗ ಉಳಿದರೆ ಸೋಮವಾರ ಒಪ್ಪತ್ತು ಇರುತ್ತೇನೆ, ಒಂದೇ ಹೊತ್ತು ಉಣ್ಣುತ್ತೇನೆ ಅಂತ. ಅವನು ಉಳಿದ. ಎಸ್ಸೆಸ್ಸೆಲ್ಸಿ ಫೇಲಾದ, ನೀನು ಶನಿವಾರ ಸೇರಿಸಿದೆ. ಬೈಕಿನಿಂದ ಬಿದ್ದ, ಗುರುವಾರ ಬಂತು. ಮದುವೆ ತಡವಾಯಿತು, ಶುಕ್ರವಾರವೂ ಹೋಯಿತು. ವಾರಕ್ಕೆ ಏಳೇ ದಿನ ಇದ್ದದ್ದು ನಮ್ಮ ಪುಣ್ಯ. ಊಟ ಬಲ್ಲವನಿಗೆ ರೋಗವಿಲ್ಲ ಅಂತ ನಮಗೆಲ್ಲ ಹೇಳುತ್ತಿದ್ದವಳು ನೀನೇ ಅಲ್ಲವಾ? ಆ ದಿನ ನನಗೆ ಇದು ಯಾವುದೂ ತಪ್ಪಾಗಿ ಕಾಣಲಿಲ್ಲ. ಅವ್ವ ಒಪ್ಪತ್ತು ಇದ್ದು ಒಂದು ಸಲ ಮಗನನ್ನು ಉಳಿಸಿಕೊಂಡಳು, ನಾನೂ ಉಳಿಸಿಕೊಳ್ಳುತ್ತೇನೆ. ತೂಕವೂ ಇಳಿಯುತ್ತದೆ, ಹರಕೆಯೂ ಸಲ್ಲುತ್ತದೆ. ಒಂದೇ ಕಲ್ಲಿಗೆ ಎರಡು ಹಕ್ಕಿ ಅಂದುಕೊಂಡ ಜಾಣೆ ನಾನು. ರೈಲಿಳಿದು ಮನೆಗೆ ಬಂದವಳೇ ದೇವರ ಮುಂದೆ ದೀಪ ಹಚ್ಚಿ, ಆಪರೇಷನ್ ಆಗುವವರೆಗೆ ದಿನಾ ಒಪ್ಪತ್ತು ಅಂತ ಹೇಳಿಕೊಂಡುಬಿಟ್ಟೆ.

ಐದು ವಾರದಲ್ಲಿ ಏಳು ಕೆಜಿ ಇಳಿದೆ. ಬ್ಲೌಸಿನ ಎರಡೂ ಪಕ್ಕ ಹಿಡಿದು ಹೊಲಿದುಕೊಂಡೆ. ಅಳತೆ ಕೊಡಲು ಬಂದ ಹೆಂಗಸರು, "ಏನ್ ಮಾಡ್ದೆ ಕಣೇ, ನಮಗೂ ಹೇಳ್ಕೊಡೇ" ಅಂತ ಕೇಳಿದಾಗ ಉಬ್ಬಿಹೋದೆ. ಬೆಳಿಗ್ಗೆ ಎದ್ದರೆ ಕಣ್ಣಿಗೆ ಕತ್ತಲೆ ಕಟ್ಟುತ್ತಿತ್ತು. ಬಾಚಿದರೆ ಕೂದಲು ಹಿಡಿಹಿಡಿಯಾಗಿ ಬರುತ್ತಿತ್ತು. ಒಂದು ದಿನ ಮಿಷನ್ ತುಳಿಯುತ್ತಿದ್ದವಳಿಗೆ ತಲೆ ಸುತ್ತಿ ಸೂಜಿ ಬೆರಳಿಗೇ ಇಳಿಯಿತು. ನಿನ್ನ ಅಳಿಯ ಅರಿಶಿನ ಒತ್ತುತ್ತ, "ಸಾಕು ಮಾಡೇ ರತ್ನ, ಮಂಜನ್ನ ಉಳ್ಸಕ್ಕೋಗಿ ನೀನು ಹೋಯ್ತೀಯ" ಅಂದರು. ಅವರಿಗೇನು ಗೊತ್ತು ಹರಕೆ ಅಂದರೆ ಅಂತ ಮುಖ ತಿರುಗಿಸಿದೆ.

ತೂಕ ನೋಡಿ ಶಭಾಷ್ ಅನ್ನುತ್ತಾರೆ ಅಂತ ದೊಡ್ಡಾಸ್ಪತ್ರೆಗೆ ಹೋದೆ. ರಕ್ತ ಪರೀಕ್ಷೆಯ ಕಾಗದ ಹಿಡಿದ ಡಾಕ್ಟರ ಮುಖ ನೋಡಿದಾಗಲೇ ಗೊತ್ತಾಯಿತು. ರಕ್ತ ಇಳಿದುಹೋಗಿತ್ತು, ಮೂತ್ರದಲ್ಲೂ ಏನೋ ಬಂದಿತ್ತು. ಕೊಬ್ಬಿನ ಜೊತೆಗೆ ಮೈಯ ಮಾಂಸವೂ ಕರಗಿದೆ ಅಂದರು. "ಈಗ ನಿಮ್ಮ ಕಿಡ್ನಿ ತೆಗೆದ್ರೆ ನಂಗೆ ಇಬ್ರು ಪೇಶೆಂಟ್ ಆಗ್ತೀರಿ. ಸರಿಯಾಗಿ ಊಟ ಮಾಡ್ಕೊಂಡು, ಮೈ ಸುಧಾರಿಸ್ಕೊಂಡು, ಎರಡು ತಿಂಗಳು ಬಿಟ್ಟು ಬನ್ನಿ." ಎರಡು ತಿಂಗಳು, ಅವ್ವ. ನಾನು ಉಪವಾಸ ಬಿದ್ದು ಮಂಜನ ಆಯುಸ್ಸಿನಲ್ಲಿ ಎರಡು ತಿಂಗಳು ಕಳೆದೆ. ಆ ಹುಡುಗಿ ನನ್ನ ಕೈ ಹಿಡಿದುಕೊಂಡು, "ಕಡಿಮೆ ತಿನ್ನಿ ಅಂದೆ ಅಮ್ಮ, ತಿನ್ನಲೇಬೇಡಿ ಅಂದ್ನಾ? ಮೈಗೆ ಬೇಕಾದಷ್ಟು ಕೊಟ್ಟೇ ಇಳಿಸ್ಬೇಕು" ಅಂದಳು. ಮಡಿಚಿಟ್ಟ ಹಾಳೆ ಇನ್ನೂ ಪರ್ಸಿನಲ್ಲೇ ಇತ್ತು. ಅವಳಿಗೆ ತೋರಿಸಲು ನಾಚಿಕೆಯಾಯಿತು.

ಮಂಜನಿಗೆ ಸುಳ್ಳು ಹೇಳಿದೆ. ಆಸ್ಪತ್ರೆಯಲ್ಲಿ ಬಹಳ ಜನ ಸಾಲಿನಲ್ಲಿದ್ದಾರಂತೆ, ನಮ್ಮ ಪಾಳಿ ಮುಂದಕ್ಕೆ ಹೋಯಿತು ಅಂದೆ. ಅವನು, "ಹೋಗ್ಲಿ ಬಿಡಕ್ಕ, ಬರೋ ಟೈಮಿಗೆ ಬತ್ತದೆ" ಅಂದ. ನನಗೆ ಸಮಾಧಾನ ಹೇಳಿದ್ದು ಅವನು.

ತರೀಕೆರೆಯ ಆಸ್ಪತ್ರೆಯಲ್ಲಿ ನಿನ್ನ ಕೊನೆಯ ವಾರ ನೆನಪಿದೆಯಾ? ಆ ಡಾಕ್ಟರು ನಿನ್ನ ಕಣ್ಣಿನ ರೆಪ್ಪೆ ಕೆಳಗೆಳೆದು ನೋಡಿ, ಮೈಯಲ್ಲಿ ರಕ್ತವೇ ಇಲ್ಲವಲ್ಲಮ್ಮ, ಊಟ ಮಾಡುತ್ತೀರೋ ಇಲ್ಲವೋ ಅಂತ ಕೇಳಿದರು. ನೀನು, "ಉಣ್ತೀನಿ ಸ್ವಾಮಿ, ಹೊಟ್ಟೆ ತುಂಬಾ ಉಣ್ತೀನಿ" ಅಂದೆ. ನಾನು ಪಕ್ಕದಲ್ಲೇ ನಿಂತಿದ್ದೆ. ಬಾಯಿ ಬಿಡಲಿಲ್ಲ. ಅವರು ಹೋದ ಮೇಲೆ ನನ್ನ ಕೈ ಎಳೆದುಕೊಂಡು, "ಸೋಮಾರ ಬಿಡಬ್ಯಾಡ ಕಣೇ ರತ್ನಿ. ನಾನಿಲ್ದಿದ್ರೂ ಅವ್ನಿಗೆ ಒಬ್ರು ಇರ್ಬೇಕು" ಅಂದೆ. ನಾನು ಆಗಲಿ ಅಂದೆ. ಆರು ವರ್ಷದಿಂದ ಒಂದು ಸೋಮವಾರವೂ ಬಿಟ್ಟಿಲ್ಲ.

ಈಗ ಹೇಳು. ನೀನು ಹೊಟ್ಟೆ ತುಂಬ ಉಂಡಿದ್ದರೆ ಇನ್ನೂ ಇರುತ್ತಿದ್ದೆಯೋ ಏನೋ. ತಾಯಿ ಇದ್ದಾರಾ ಅಂತ ಅವರು ಕೇಳಿದಾಗ ನೀನೇ ಎದ್ದು ನಿಲ್ಲುತ್ತಿದ್ದೆ. ಒಂದಲ್ಲ, ಎರಡೂ ತಗೊಳ್ಳಿ ಸ್ವಾಮಿ ಅನ್ನುತ್ತಿದ್ದೆ, ನನಗೆ ಗೊತ್ತಿಲ್ಲವಾ? ಅವನಿಗೋಸ್ಕರ ಹಸಿದು ಹಸಿದು, ಅವನಿಗೆ ನೀನು ಬೇಕಾದ ಹೊತ್ತಿಗೆ ಇಲ್ಲದೇ ಹೋದೆ. ಈ ಮಾತು ಬರೆಯಬಾರದು ಅಂತ ನಾಲ್ಕು ಸಲ ಪೆನ್ನು ಕೆಳಗಿಟ್ಟೆ. ಆದರೂ ನಿನಗಲ್ಲದೆ ಇನ್ಯಾರಿಗೆ...

ಹೋದ ಸೋಮವಾರ ಸಂಜೆ ಹಟ ಹಿಡಿದು ಉಣ್ಣಲು ಕೂತೆ. ತಟ್ಟೆಯಲ್ಲಿ ಹುರುಳಿಕಾಳಿನ ಸಾರು, ಕಿತ್ತಳೆಹಣ್ಣಿನಷ್ಟು ಮುದ್ದೆ, ಒಂದು ಬಟ್ಟಲು ಮೊಸರು, ಹಾಳೆಯಲ್ಲಿದ್ದ ಅಳತೆಗೇ. ಮೊದಲ ತುತ್ತು ಬಾಯಿಗಿಟ್ಟೆ. ನಾನು ಇದನ್ನು ನುಂಗಿದ ಕ್ಷಣಕ್ಕೇ ಅಲ್ಲಿ ಅವನಿಗೇನಾದರೂ ಆದರೆ? ಮನೆದೇವರ ಗುಡಿಯ ಪೂಜಾರಪ್ಪ ಹೇಳಿದ್ದರು, ದೇವರಿಗೆ ತಪ್ಪು ಕಾಣಿಕೆ ಹಾಕಿ ಹರಕೆ ಬಿಡಿಸಿಕೊಳ್ಳಬಹುದು, ಆ ದೇವಿ ಅರ್ಥ ಮಾಡಿಕೊಳ್ಳುತ್ತಾಳೆ ಅಂತ. ಹಾಕಿಯೂ ಬಂದಿದ್ದೆ. ದೇವರು ಬಿಟ್ಟರೂ ನೀನು ಬಿಡಬೇಕಲ್ಲ. ಎದ್ದು ಹೋಗಿ ಬಚ್ಚಲಲ್ಲಿ ಉಗಿದು ಬಂದೆ. ಉಂಡರೂ ಕೊಲ್ಲುತ್ತೇನೆ, ಉಣ್ಣದಿದ್ದರೂ ಕೊಲ್ಲುತ್ತೇನೆ ಅನ್ನಿಸಿತು. ಸೆರಗು ಬಾಯಿಗೆ ತುರುಕಿಕೊಂಡು ಅತ್ತೆ.

ಇವತ್ತು ಬೆಳಿಗ್ಗೆ ಮಂಜ ಬಂದ. ಮೆಟ್ಟಿಲ ಮೇಲೆ ಕೂತು ಉಸಿರು ತೆಗೆದುಕೊಳ್ಳುತ್ತ ನನ್ನ ಮುಖವನ್ನೇ ನೋಡಿದ. "ನಿಂಗೇನಾಗೈತೆ ಅಕ್ಕ? ನಂಗಿಂತ ನೀನೇ ಸೊರಗಿದೀಯ." ನನ್ನಿಂದ ಇನ್ನು ಆಗಲಿಲ್ಲ. ಎಲ್ಲ ಹೇಳಿದೆ. ನನ್ನ ಒಪ್ಪತ್ತು, ಆಸ್ಪತ್ರೆಯವರು ವಾಪಸು ಕಳಿಸಿದ್ದು, ಸುಳ್ಳು. ಆಮೇಲೆ ನಿನ್ನದು. ಸೋಮವಾರ, ಶನಿವಾರ, ಗುರುವಾರ, ಶುಕ್ರವಾರ, ಯಾವ ದಿನ ಯಾಕೆ ಅಂತ ಒಂದೊಂದಾಗಿ. ಬೈಯುತ್ತಾನೆ ಅಂತ ಕಾದೆ.

ಅವನು ತಲೆ ತಗ್ಗಿಸಿ ಕೇಳಿದ. "ಅವ್ವ ರಾತ್ರಿ ಉಣ್ತಿರ್ಲಿಲ್ಲ, ಅದು ನಂಗೋಸ್ಕರವಾ?"

ಅವನಿಗೆ ಗೊತ್ತೇ ಇರಲಿಲ್ಲ, ಅವ್ವ. ಇಷ್ಟು ವರ್ಷ ನೀನು ಯಾರಿಗೋಸ್ಕರ ಹಸಿದೆಯೋ ಅವನಿಗೇ ಯಾರೂ ಹೇಳಿರಲಿಲ್ಲ. ನೀನು ಹೇಳಲಿಲ್ಲ, ನಾನೂ ಹೇಳಲಿಲ್ಲ. ಹೇಳಿದರೆ ಹರಕೆ ಫಲಿಸುವುದಿಲ್ಲ ಅನ್ನುತ್ತಿದ್ದೆಯಲ್ಲ.

"ಅವ್ವಂಗೆ ರಾತ್ರಿ ಹೊತ್ತು ಹಸಿವಾಗಕಿಲ್ಲ ಅಂದ್ಕಂಡಿದ್ದೆ ಕಣಕ್ಕ" ಅಂದ. "ಉಳೀತದಲ್ಲ ಅಂತ ಅವಳ ಪಾಲಿನ ಮುದ್ದೇನೂ ನಾನೇ ಉಣ್ತಿದ್ದೆ. ಇನ್ನೊಂದು ಹಾಕು ಅಂತ ಕೇಳ್ತಿದ್ದೆ." ನಲವತ್ತು ವರ್ಷದ ಗಂಡಸು ಮೆಟ್ಟಿಲ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತ. ಬೀದಿಯವರು ನೋಡುತ್ತಿದ್ದರು. ನಾನೂ ಪಕ್ಕದಲ್ಲಿ ಕೂತು ಅತ್ತೆ.

ಅತ್ತು ಮುಗಿದ ಮೇಲೆ ಅವನಿಗೆ ಸಿಟ್ಟು ಬಂತು. ನಿನ್ನದೇ ಸಿಟ್ಟು, ದನಿ ಏರದ ಸಿಟ್ಟು. "ನನ್ ಕೇಳಿದ್ರಾ ನೀವಿಬ್ರೂ? ಒಬ್ಳು ಹೋದ್ಲು. ಇನ್ನೊಬ್ಳನ್ನ ಉಪಾಸ ಕೆಡವಿ ನಾನು ಬದುಕಿ ಏನ್ ಮಾಡ್ಲಿ? ನಂಗೆ ನಿನ್ ಕಿಡ್ನಿ ಬ್ಯಾಡ ಹೋಗು." ಕೈ ಮುಗಿದೆ. ಬಿಡು, ಹಾಗನ್ನಬೇಡ ಅಂತ ಕಾಲು ಹಿಡಿಯಲು ಹೋದೆ. ಆಗ ಅವನು ಒಂದು ಮಾತು ಹೇಳಿದ. "ತಗಂತೀನಿ. ಆದ್ರೆ ನೀನು ಉಂಡ್ರೆ ಮಾತ್ರ. ನೀನು ಒಂದು ಹೊತ್ತು ಬಿಟ್ರೆ ಆ ದಿನ ನಾನು ಕಡೂರಿಗೆ ಹೋಗಾಕಿಲ್ಲ. ನಂದೂ ಹರಕೆ ಅಂತ ತಿಳ್ಕೋ."

ಡಯಾಲಿಸಿಸ್ ಒಂದು ಸಲ ತಪ್ಪಿಸಿದರೆ ಅವನ ಗತಿ ಏನು ಅಂತ ನನಗೆ ಗೊತ್ತು. ಅವನಿಗೂ ಗೊತ್ತು. ನಿನ್ನ ಮಗನೇ ಸರಿ.

ಆ ಎರಡು ತಿಂಗಳಲ್ಲಿ ಮೂರು ವಾರ ಕಳೆದಿದೆ. ಇನ್ನು ಐದು ವಾರದಲ್ಲಿ ರಕ್ತ ಏರಬೇಕು, ಉಳಿದ ಮೂರು ಕೆಜಿ ನಿಧಾನಕ್ಕೆ ಇಳಿಯಬೇಕು. ಅಲ್ಲಿಯವರೆಗೆ ಅವನು ತಡೆದುಕೊಳ್ಳುತ್ತಾನಾ, ನನಗೆ ಗೊತ್ತಿಲ್ಲ. ಯಾರೂ ಹೇಳುತ್ತಿಲ್ಲ. ಕೇಳಲು ಧೈರ್ಯವೂ ಇಲ್ಲ.

ನಾಳೆ ಸೋಮವಾರ. ಅವನು ಇಲ್ಲೇ ಇರುತ್ತಾನಂತೆ, ನಾನು ಉಣ್ಣುವುದನ್ನು ಕಣ್ಣಾರೆ ನೋಡಬೇಕಂತೆ. ಎರಡು ತಟ್ಟೆ ಹಾಕುತ್ತೇನೆ. ಅವನದರಲ್ಲಿ ಅವನ ಅಳತೆ, ನನ್ನದರಲ್ಲಿ ನನ್ನ ಅಳತೆ. ರಾತ್ರಿಯ ಊಟವನ್ನೂ ಬಿಡುವುದಿಲ್ಲ. ತುತ್ತನ್ನು ನೀರು ಕುಡಿದಾದರೂ ಇಳಿಸುತ್ತೇನೆ. ನಿನಗೆ ಕೊಟ್ಟ ಮಾತು ಮುರಿಯುತ್ತಿದ್ದೇನೆ, ಅವ್ವ, ತಿಳಿದೇ ಮುರಿಯುತ್ತಿದ್ದೇನೆ. ಸಿಟ್ಟಾಗುವುದಿದ್ದರೆ ನನ್ನ ಮೇಲೆ ಆಗು, ಅವನನ್ನು ಬಿಡು. ನಿನಗಾಗಿ ಅವನು ಏನೂ ಮಾಡಲಿಲ್ಲ ಅಂತ ಅಲ್ಲ, ಅವನಿಗೆ ನೀನು ಮಾಡಲು ಬಿಡಲಿಲ್ಲ. ಇವತ್ತು ಮಲಗುವ ಮುಂಚೆ ನನ್ನನ್ನು ಕೇಳಿದ, ಅವ್ವಂಗೆ ಊಟದಲ್ಲಿ ಏನು ಇಷ್ಟ ಇತ್ತು ಅಂತ. ಇಬ್ಬರೂ ಎಷ್ಟು ಯೋಚಿಸಿದರೂ ನಮಗೆ ಹೊಳೆಯಲಿಲ್ಲ.

ನಿನ್ನ ಮಗಳು,
ರತ್ನಿ