ಹಳೆ ಡ್ರೈವರ್ ಅಂದರೆ ನೀವಲ್ಲ

ರೀ,

ಬಟ್ಟೆ ಹಿಂಡುತ್ತಲೇ ಬರೆಯುತ್ತಿದ್ದೇನೆ, ಅಕ್ಷರ ಹರಡಿದ್ದರೆ ಸಹಿಸಿಕೊಳ್ಳಿ. ಬಕೆಟ್ಟಿನಲ್ಲಿ ಉಳಿದದ್ದನ್ನು ಒಣಹಾಕಿ.

ಜೀವಮಾನವೆಲ್ಲ ಬಸ್ಸು ಓಡಿಸಿದ್ದು ಸಾಲದೆ ಈಗ ಕಂಪ್ಯೂಟರಿನಲ್ಲೂ ಬಸ್ಸಿನ ಆಟ ಬೇಕು ನಿಮಗೆ. ಅದು ಶುರುವಾಗದಿದ್ದರೆ ಪರದೆಗೆ ಮೊಟಕಬೇಡಿ. 'ಗ್ರಾಫಿಕ್ಸ್ ಡ್ರೈವರ್ ಹಳೆಯದಾಗಿದೆ' ಎಂದು ಅದು ಹೇಳುವುದು ನಿಮ್ಮನ್ನಲ್ಲ. ಚಿತ್ರ ಮೂಡಿಸುವ ತಂತ್ರಾಂಶಕ್ಕೂ ಡ್ರೈವರ್ ಅನ್ನುತ್ತಾರೆ. ಮಗಳು ಪಾಪ ಫೋನಿನಲ್ಲಿ, "ಆ ಹಳೇ ಡ್ರೈವರ್‌ನ ತೆಗೆದು ಬಿಸಾಕಪ್ಪಾ, ಹೊಸದು ಹಾಕು" ಅಂದರೆ, "ನನ್ನನ್ನೇ ಬಿಸಾಕ್ತೀಯೇನೇ?" ಎಂದು ಕೂಗಾಡಿ ಮಾತು ಬಿಟ್ಟ ಮಹಾನುಭಾವರು ನೀವು.

ಅವಳು ಹೇಳಿದಷ್ಟೇ ಮಾಡಿ. ಹಳೆಯದನ್ನು ತೆಗೆಯಿರಿ, ಕಂಪ್ಯೂಟರ್ ಒಮ್ಮೆ ಆಫ್ ಮಾಡಿ ಆನ್ ಮಾಡಿ, ಆಮೇಲೆ ಹೊಸದನ್ನು ಹಾಕಿ. ಇದಕ್ಕೆ ಮೀಸೆ ತಿರುವಬೇಕಾಗಿಲ್ಲ.

ತಪ್ಪಾಯಿತು ಎಂದು ಅವಳಿಗೆ ಬರೆದ ಕಾಗದವನ್ನು, "ಆಟ ಶುರುವಾಗ್ಲಿ, ಆಮೇಲೆ ಕಳಿಸ್ತೀನಿ" ಎನ್ನುತ್ತ ಇಷ್ಟು ತಿಂಗಳು ಮೌಸಿನಡಿ ಹಾಸಿಕೊಂಡಿದ್ದಿರಲ್ಲ, ಅದನ್ನು ಹುಡುಕಬೇಡಿ. ಮೌಸಿಗೆ ಹಳೇ ಕ್ಯಾಲೆಂಡರ್ ಮಡಚಿಟ್ಟಿದ್ದೇನೆ. ಕಾಗದಕ್ಕೆ ರುಜು ಹಾಕುವಷ್ಟು ಪುರುಸೊತ್ತೂ ನಿಮಗಿರಲಿಲ್ಲ. 'ನಿನ್ನ ಹಳೇ ಡ್ರೈವರ್' ಎಂದು ಕೊನೆಗೆ ನಾನೇ ಬರೆದು, ಅಂಚೆಗೆ ಹಾಕಲು ಹೊರಟೆ.