ಸ್ಫೂರ್ತಿ ನೀರು ಕುಡಿಯದೆ ಇದ್ದ ಕಾರಣ

ನ್ಯೂ ಟೌನ್, ಭದ್ರಾವತಿ
21 ನವೆಂಬರ್ 2024, ಗುರುವಾರ

ಸ್ಫೂರ್ತಿಯ ಅಪ್ಪನಿಗೆ,

‘ಪ್ರೀತಿಯ’ ಎಂದು ಶುರು ಮಾಡುವುದು ನನ್ನಿಂದ ಆಗಲಿಲ್ಲ. ಅದಕ್ಕೆ ಕ್ಷಮೆಯನ್ನೂ ಕೇಳುವುದಿಲ್ಲ. ನಿಮ್ಮ ಸೊಂಟನೋವು ಹೇಗಿದೆ? ಅತ್ತೆಯವರ ಕಣ್ಣಿನ ಆಪರೇಷನ್ ಆಯಿತೆಂದು ಸ್ಫೂರ್ತಿ ಹೇಳಿದಳು. ಹೊತ್ತು ಹೊತ್ತಿಗೆ ಹನಿ ಹಾಕಿ, ಅವರು ಬಾಯಿಬಿಟ್ಟು ಕೇಳುವವರಲ್ಲ. ಇಲ್ಲಿ ನಾವು ಮೂವರೂ ಚೆನ್ನಾಗಿದ್ದೇವೆ. ನಿಮ್ಮ ಹೆಸರು ಬಂದ ಕೂಡಲೇ ನನ್ನಮ್ಮ ಎದ್ದು ಒಳಗೆ ಹೋಗುತ್ತಾರೆ, ಅಷ್ಟು ಬಿಟ್ಟರೆ ಅವರ ಆರೋಗ್ಯಕ್ಕೂ ಏನೂ ಕೊರತೆಯಿಲ್ಲ. ಫೋನ್ ಮಾಡಿದರೆ ಎರಡನೇ ಮಾತಿಗೇ ಇಬ್ಬರೂ ಕೂಗಾಡುತ್ತೇವೆ, ಆದ್ದರಿಂದ ಕಾಗದ.

ಭಾನುವಾರ ನೀವು ಕಳಿಸಿದ ಮೆಸೇಜನ್ನು ಅಳಿಸಿಲ್ಲ. ‘ನಮ್ಮ ಮನೆ ನೀರು ಮುಟ್ಟಬೇಡ ಅಂತ ಮಗುಗೆ ಹೇಳಿಕೊಟ್ಟು ಕಳಿಸ್ತಿದ್ದೀಯ. ಇದನ್ನ ಲಾಯರ್‌ಗೆ ಹೇಳ್ತೀನಿ.’ ಮೂರು ಭಾನುವಾರದಿಂದ ಅವಳು ನಿಮ್ಮ ದುರ್ಗಿಗುಡಿಯ ಮನೆಯಲ್ಲಿ ಒಂದು ಗುಟುಕು ನೀರೂ ಕುಡಿದಿಲ್ಲವಂತೆ. ಇಲ್ಲಿಂದ ಒಯ್ದ ಬಾಟಲಿ ಖಾಲಿಯಾದ ಮೇಲೆ ಸಂಜೆಯವರೆಗೂ ಬಾಯಾರಿಕೊಂಡೇ ಕೂತಿದ್ದಳಂತೆ. ಅತ್ತೆಯವರು ಬೆಳ್ಳಿ ಲೋಟದಲ್ಲಿ ಕೊಟ್ಟರೆ ಮುಖ ತಿರುಗಿಸಿದಳಂತೆ, ಅವರು ಅತ್ತರಂತೆ. ಅತ್ತೆಯವರ ಬಗ್ಗೆ ನನಗೆ ನಿಜವಾಗಿ ಬೇಜಾರಾಯಿತು. ಹಾಗೆಂದು ಅವರಿಗೆ ಹೇಳಿ. ಆದರೆ ಏಳು ವರ್ಷದ ಮಗುವಿನ ಕಿವಿಗೆ ನಾನು ವಿಷ ಹೊಯ್ಯುತ್ತಿದ್ದೇನೆಂದು ತೀರ್ಪು ಕೊಡುವ ಮುಂಚೆ ಅವಳನ್ನೇ ಪಕ್ಕಕ್ಕೆ ಕೂರಿಸಿಕೊಂಡು ಕೇಳಬಹುದಿತ್ತು. ನೀವು ಕೇಳಲಿಲ್ಲ. ಯಾವುದನ್ನು ತಾನೇ ಕೇಳಿದ್ದೀರಿ? ನಾನು ಕೇಳಿದೆ. ಶೂ ಬಿಚ್ಚುತ್ತಾ ತಲೆ ಎತ್ತದೆ ಹೇಳಿದಳು: “ತುಂಗೆ ನೀರು ಕುಡಿದ್ರೆ ಮನೆ ಮರ್ತೋಗುತ್ತೆ ಅಮ್ಮಾ. ಅಪ್ಪಂಗೆ ಆಗಿರೋದು ಅದೇ.”

ನೀವು ಓದಿ ಹೇಳುತ್ತಿರುವ ಪುಸ್ತಕದ ಪ್ರತಾಪ ಇದು. ಚಿಕ್ಕಂದಿನಲ್ಲಿ ನಿಮಗೆ ಬಹುಮಾನವಾಗಿ ಬಂದಿದ್ದ, ಇಂಗ್ಲಿಷಿನಿಂದ ಕನ್ನಡಕ್ಕೆ ತಂದ ಆ ಹಳೇ ಕಾದಂಬರಿ. ಸೇತುವೆ ಕಾಯುವವನೊಬ್ಬ ಒಂದು ದಿನ ಮಂಜಿನ ನಾಡಿಗೆ ಹೋಗುತ್ತಾನೆ, ಅಲ್ಲಿನ ಹೊಳೆಯ ನೀರು ಕುಡಿದು ಹೆಂಡತಿ ಮಗಳನ್ನು ಮರೆಯುತ್ತಾನೆ, ಮಗಳು ಅವನನ್ನು ಹುಡುಕಿಕೊಂಡು ಹೊರಡುತ್ತಾಳೆ. ತುಂಗಾ ಪಾನ ಎಂದು ನಿಮ್ಮೂರೆಲ್ಲ ಹೆಮ್ಮೆಪಡುವ ನೀರು ನಮ್ಮ ಮಗಳ ಲೆಕ್ಕದಲ್ಲಿ ಮರೆವಿನ ಹೊಳೆಯಾಗಿದೆ. ಬಾಟಲಿಯಲ್ಲಿ ನಮ್ಮೂರ ಭದ್ರೆಯ ನೀರು ಒಯ್ಯುತ್ತಿದ್ದದ್ದು ಅರ್ಧ ತನಗೆ, ಅರ್ಧ ನಿಮಗೆ. ನಿಮ್ಮ ಚಹಾದ ಪಾತ್ರೆಗೆ ಸುರಿಯಲು ಹೋಗಿ ಬೈಸಿಕೊಂಡಳಂತೆ. ಯಾಕೆ ಸುರಿಯುತ್ತಿದ್ದಾಳೆಂದು ಆಗಲೂ ನೀವು ಕೇಳಲಿಲ್ಲ.

ಪುಸ್ತಕ ಅವಳ ಚೀಲದಲ್ಲೇ ಇತ್ತು. ಸೋಮವಾರ ಅವಳು ಸ್ಕೂಲಿಂದ ಬಂದ ಮೇಲೆ ಜೊತೆಗೆ ಕೂರಿಸಿಕೊಂಡು ಮೊದಲಿನಿಂದ ಓದಲು ಕೂತೆ. ಕಥೆ ಚೆನ್ನಾಗಿದೆ, ಇಲ್ಲವೆನ್ನುವುದಿಲ್ಲ. ಸುಂಕ ಕೇಳುವ ಕತ್ತೆ ಬಂದಾಗ ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಈಗ ಅಡುಗೆಮನೆ ಬಾಗಿಲಿಗೆ ಅಡ್ಡ ನಿಂತು, ಒಂದು ಪೆಪ್ಪರ್‌ಮಿಂಟ್ ಕೊಡದೆ ಅಜ್ಜಿಯನ್ನು ಒಳಗೆ ಬಿಡುವುದಿಲ್ಲ. ಮಂಜಿನ ನಾಡಿನ ದೈತ್ಯನಿಗೆ ಅಡುಗೆ ಮಾಡುವವರು ಯಾರು, ಅವನಿಗೆ ಚಳಿಯಾಗುವುದಿಲ್ಲವೇ ಎಂದು ಪೀಡಿಸಿದಳು. ಮೂರನೇ ಅಧ್ಯಾಯಕ್ಕೆ ಬಂದಾಗ ನನ್ನ ಕೈ ಹಿಡಿದು ನಿಲ್ಲಿಸಿದಳು. ‘ಅವನು ಯಾರಿಗೂ ಹೇಳದೆ ತಾನಾಗಿ ಸೇತುವೆ ದಾಟಿದ’ ಎಂದು ಪುಸ್ತಕದಲ್ಲಿದೆ. ಅಪ್ಪ ಹಾಗೆ ಓದಲಿಲ್ಲ, ದೈತ್ಯ ಬಂದು ಕೈಕಾಲು ಕಟ್ಟಿ ಎಳೆದುಕೊಂಡು ಹೋದ ಅಂತ ಓದಿದರು ಅಂದಳು. ಅವನು ಅಳುತ್ತಿದ್ದನಂತೆ, ಮಗಳೇ ಎಂದು ಕೂಗುತ್ತಿದ್ದನಂತೆ. ಆ ಪುಟದಲ್ಲಿ ದೈತ್ಯನ ಸುಳಿವೇ ಇಲ್ಲ. ನಿಮ್ಮ ತಲೆಯಲ್ಲಿ ಹುಟ್ಟಿದ ದೈತ್ಯ ಯಾರೆಂದು ತಿಳಿಯಲು ನನಗೆ ಬಹಳ ಹೊತ್ತು ಬೇಕಾಗಲಿಲ್ಲ.

ಆ ಸಾಲನ್ನು ನಾನು ಎರಡು ಸಲ ಓದಿದೆ. ಎರಡನೇ ಸಲ ಸ್ವಲ್ಪ ಜೋರಾಗಿಯೇ ಓದಿದೆ. ನೋಡು, ಯಾರೂ ಎಳೆದುಕೊಂಡು ಹೋಗಲಿಲ್ಲ ಅಂದೆ. ಹೀಗೆ ಹೇಳುವಾಗ ನನಗೆ ಖುಷಿಯಾಯಿತು. ನಿಮ್ಮಂಥವರಿಗೆ ಬರೆಯುವಾಗ ಸುಳ್ಳು ಯಾಕೆ? ಅವಳು ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿ ಆ ಸಾಲನ್ನು ತಾನೇ ಓದಿಕೊಂಡಳು. ಎರಡನೇ ಕ್ಲಾಸಿನ ಮಕ್ಕಳಲ್ಲಿ ಒತ್ತಕ್ಷರ ತಪ್ಪದೆ ಓದುವವಳು ಇವಳೊಬ್ಬಳೇ ಎಂದು ಅವಳ ಮಿಸ್ ಹೇಳಿದ್ದನ್ನು ನಿಮಗೆ ತಿಳಿಸಿದ್ದೆ. ನೀವು ‘ಓಕೆ’ ಅಂತ ಕಳಿಸಿದ್ದಿರಿ.

ಮಂಗಳವಾರ ಆದದ್ದನ್ನೂ ಹೇಳಿಬಿಡುತ್ತೇನೆ. ಎಂಟನೇ ಅಧ್ಯಾಯದಲ್ಲಿ, ಎಲ್ಲ ಮರೆತ ಮೇಲೂ ಆ ಮನುಷ್ಯ ದಿನಾ ಬೆಳಿಗ್ಗೆ ಎದ್ದು ಮೂರು ತಟ್ಟೆ ತೊಳೆದಿಡುತ್ತಾನೆ. ಒಂದರಲ್ಲಿ ತಾನು ಉಣ್ಣುತ್ತಾನೆ. ಉಳಿದೆರಡು ಯಾರಿಗೆಂದು ಅವನಿಗೇ ಗೊತ್ತಿಲ್ಲ. ಓದುತ್ತಿದ್ದ ಹಾಗೇ ನನಗೆ ಕೆಟ್ಟ ಸಿಟ್ಟು ಬಂತು. ಒಂದೂವರೆ ಪುಟ ಹಾರಿಸಿ, ಅವನು ಅಲ್ಲಿ ಸುಖವಾಗಿದ್ದ ಎಂದು ನನ್ನದೇ ಮಾತು ಸೇರಿಸಿ ಮುಂದಿನ ಅಧ್ಯಾಯಕ್ಕೆ ಹೋದೆ. ನಿಮಗೊಬ್ಬ ದೈತ್ಯ ಬೇಕಿದ್ದರೆ ನನಗೂ ಒಂದು ಸುಳ್ಳು ಬೇಕಾಗಿತ್ತು. ನಿನ್ನೆ ನೋಡುತ್ತೇನೆ, ಸ್ಕೂಲಿಂದ ಬಂದವಳು ಬಟ್ಟೆ ಕೂಡ ಬದಲಾಯಿಸದೆ ಮಂಚದ ಮೇಲೆ ಕೂತು ಅದೇ ಪುಟ ಓದುತ್ತಿದ್ದಾಳೆ. ಪುಸ್ತಕ ಮುಚ್ಚಿ ಎದೆಗೆ ಒತ್ತಿಕೊಂಡಳು. “ಅಪ್ಪನೂ ಸುಳ್ಳು ಓದ್ತಾರೆ, ನೀನೂ ಸುಳ್ಳು ಓದ್ತೀಯ. ಇನ್ಮೇಲೆ ನಾನೇ ಓದ್ಕೋತೀನಿ.” ಅವಳು ಅಳಲಿಲ್ಲ. ಅತ್ತಿದ್ದರೆ ಸಮಾಧಾನ ಮಾಡಬಹುದಿತ್ತು. ಊಟಕ್ಕೆ ಬಂದಾಗ ನನ್ನ ಪಕ್ಕ ಕೂರದೆ ಅಜ್ಜಿಯ ಆಚೆ ಹೋಗಿ ಕೂತಳು.

ಆದ್ದರಿಂದ ನಿಮ್ಮ ಲಾಯರ್‌ಗೆ ಹೇಳುವುದಾದರೆ ಇಷ್ಟನ್ನೂ ಹೇಳಿ. ನೀರು ಕುಡಿಯಬೇಡ ಎಂದು ನಾನು ಹೇಳಿಕೊಟ್ಟಿಲ್ಲ. ಯುಗಾದಿಯ ಮಾರನೇ ದಿನ ಈ ಮನೆಯ ಮೆಟ್ಟಿಲಿಳಿದು ಹೋದದ್ದು ನಿಮ್ಮ ಕಾಲು, ನನ್ನದಲ್ಲ. ಬೇಸಿಗೆ ರಜೆಯಿಡೀ ಮಗು ನಿಮ್ಮಲ್ಲಿರಬೇಕೆಂದು ಅರ್ಜಿ ಹಾಕಿದ್ದೀರಂತೆ. ಒಂದು ಬಾಯಾರಿಕೆ ಯಾಕೆಂದು ತಿಳಿಯದವರು ಎರಡು ತಿಂಗಳು ಹೇಗೆ ನೋಡಿಕೊಳ್ಳುತ್ತೀರಿ? ನಾನು ಒಪ್ಪುವುದಿಲ್ಲ. ನಿಮ್ಮ ಮೇಲೆ ನನಗಿರುವ ಸಿಟ್ಟು ಈ ಕಾಗದದಿಂದ ಒಂದು ಗುಂಜಿಯಷ್ಟೂ ಕಡಿಮೆಯಾಗಿಲ್ಲ.

ಅತ್ತೆಯವರಿಗೆ ನನ್ನ ಶರಣು ತಿಳಿಸಿ. ನಿಮಗೆ ತಿಳಿಸುವಂಥದ್ದು ಏನೂ ಇಲ್ಲ.

ಸುಮನಾ

ಕವರ್ ಅಂಟಿಸುವ ಮುಂಚೆ: ಸ್ಕೂಲ್ ವ್ಯಾನ್ ಬರುವ ಹೊತ್ತಾಗಿದೆ, ಬೇಗ ಬರೆಯುತ್ತಿದ್ದೇನೆ. ಈಗ ಜಡೆ ಹಾಕುವಾಗ, ಅಪ್ಪ ತಾನಾಗೇ ಹೋದ್ರಾ ಎಂದು ಕೇಳಿದಳು. ಹೌದು ಅನ್ನಲು ಬಾಯಿ ತೆರೆದೆ, ಆಗಲಿಲ್ಲ. ‘ಹೋಗಿ’ ಅಂದವಳು ನಾನೇ, ಸೂಟ್‌ಕೇಸ್ ಹೊರಗಿಟ್ಟು ಚಿಲಕ ಹಾಕಿದವಳೂ ನಾನೇ ಎಂದು ಹೇಳಿಬಿಟ್ಟೆ. ನೀವು ಬಾಗಿಲು ತಟ್ಟಿದ್ದನ್ನೂ ಹೇಳಿದೆ. ಅವಳು ರಿಬ್ಬನ್ ಕೊಟ್ಟಳು. “ಎಷ್ಟು ಸಲ ತಟ್ಟಿದ್ರು?” ಅಂದಳು. ಎರಡು ಸಲ ಅಂದೆ. ಮೂರನೇ ಸಲ ಯಾಕೆ ತಟ್ಟಲಿಲ್ಲ ಎಂದು ಭಾನುವಾರ ನಿಮ್ಮನ್ನು ಕೇಳುತ್ತಾಳೆ. ನಿಜ ಹೇಳಿ.