ತೊಂಬತ್ತರ ಕೆಳಗೆ

ಜನವರಿ 9, ಬೆಳಿಗ್ಗೆ 5.10

104.2 ಕೆಜಿ. ನಿನ್ನೆಯಷ್ಟೇ. ವಾಚು ಬಿಚ್ಚಿಟ್ಟು ಮತ್ತೆ ತೂಕದ ಮಷೀನಿನ ಮೇಲೆ ನಿಂತೆ — 104.1. ನಾಚಿಕೆಯಾಗಬೇಕು.

ಅಕ್ಕನಿಗೆ ಇವತ್ತು ಡಯಾಲಿಸಿಸ್. ವಾರಕ್ಕೆ ಮೂರು ಸಲ, ಎರಡು ವರ್ಷದಿಂದ. ನನ್ನ ಕಿಡ್ನಿ ಅವಳಿಗೆ ಹೊಂದುತ್ತದಂತೆ. ಹೊಂದದೆ ಇರುವುದು ನನ್ನ ಹೊಟ್ಟೆ. ಡಾಕ್ಟರಮ್ಮ ಮುಖಕ್ಕೇ ಹೇಳಿದರು: “ತೊಂಬತ್ತರ ಕೆಳಗೆ ಬನ್ನಿ, ಆಮೇಲೆ ಆಪರೇಷನ್ ಮಾತು. ಉಪವಾಸ ಗಿಪವಾಸ ಬೇಡ. ಇಳಿಸಿದ್ದು ಇಳಿದೇ ಇರಬೇಕು. ಒಂದೇ ಕಿಡ್ನಿ ಇಟ್ಕೊಂಡು ಮತ್ತೆ ದಪ್ಪ ಆದ್ರೆ, ನಾಳೆ ನೀವೂ ಅಕ್ಕನ ಪಕ್ಕದ ಹಾಸಿಗೇಲಿ ಇರ್ತೀರಿ.”

ಇಪ್ಪತ್ತೆರಡು ವರ್ಷ ಸ್ಟಿಯರಿಂಗ್ ಹಿಂದೆ ಕೂತ ಹೊಟ್ಟೆ. ಟ್ರಿಪ್ಪಿಗೊಂದು ಚಹಾ, ಚಹಾಕ್ಕೊಂದು ಬನ್ನು... 5.40ರ ಬಸ್ಸು ನನ್ನದೇ. ಹೊರಟೆ.

ಜನವರಿ 17

ಡಾಕ್ಟರಮ್ಮನ ಮಾತು ಕೇಳಲಿಲ್ಲ. ಮೂರು ದಿನ ಬರೀ ನೀರು. ಇವತ್ತು ಸಿಗ್ನಲ್ಲಿನಲ್ಲಿ ಕಣ್ಣು ಕತ್ತಲಿಟ್ಟಿತು. ಬ್ರೇಕು ಒತ್ತಿದಾಗ ಮುಂದಿನ ಕಾರು ಒಂದು ಗೇಣು ದೂರದಲ್ಲಿತ್ತು.

ಕಂಡಕ್ಟರ್ ಓಡಿ ಬಂದ. “ಏನಣ್ಣ, ಎಲ್ರನ್ನೂ ಒಂದೇ ಟಿಕೆಟ್ಟಲ್ಲಿ ಮೇಲಕ್ಕೆ ಕಳಿಸ್ತೀಯಾ?”

ಮನೆಯಲ್ಲಿ ಹೆಂಡತಿ ತಟ್ಟೆ ತಂದು ಮುಂದಿಟ್ಟಳು. “ಊಟ ಬಿಡೋದಲ್ಲ ರೀ, ಊಟ ಮಾಡೋದು ಕಲೀರಿ.”

ಕೂತು ಉಂಡೆ.

ಫೆಬ್ರವರಿ 26

99.8! ಎರಡಂಕಿ! ಕಂಡಕ್ಟರನ ಬೆನ್ನಿಗೊಂದು ಗುದ್ದಿದೆ. ಯಾಕೆಂದು ಹೇಳಲಿಲ್ಲ.

ಡಿಪೋಗೆ ನಡೆದೇ ಹೋಗುವುದು, ಮೂವತ್ತೈದು ನಿಮಿಷ. ಮನೆಯ ಡಬ್ಬಿ, ಅರ್ಧ ತರಕಾರಿ. ಒಂಬತ್ತೂವರೆಗೆ ಹಾಸಿಗೆ. ಸಕ್ಕರೆಯಿಲ್ಲದ ಚಹಾ — ಬಿಸಿನೀರಿಗೆ ಬಣ್ಣ ಬಳಿದಂತಿದೆ.

ಜೂನ್ 3

94.6. ಐದು ವಾರದಿಂದ ಅಂಕಿ ಅಲ್ಲಾಡಿಲ್ಲ. ಅಕ್ಕನ ಶ್ವಾಸಕೋಶದಲ್ಲಿ ನೀರು ತುಂಬಿ ಅಡ್ಮಿಟ್ ಮಾಡಿದರು. ನಾನು ತಡಮಾಡಿದ್ದಕ್ಕೇ ಎನ್ನಿಸಿತು. ವಾರ್ಡಿನ ಹೊರಗೆ ನಿಂತಲ್ಲೇ ಒಂದು ಪ್ಯಾಕು ಬಿಸ್ಕತ್ತು ತಿಂದೆ. ಆಮೇಲೆ ಇನ್ನೊಂದು. ರುಚಿಯೂ ಗೊತ್ತಾಗಲಿಲ್ಲ.

ಜೂನ್ 5

ಬಿಸ್ಕತ್ತಿನ ವಿಷಯ ಅಕ್ಕನಿಗೆ ಹೇಳಿಬಿಟ್ಟೆ. ಮೂವತ್ತು ವರ್ಷ ಲೆಕ್ಕದ ಟೀಚರ್, ಬೈಯುತ್ತಾಳೆಂದುಕೊಂಡೆ. ಬೈಯಲಿಲ್ಲ.

“ನಾನು ದಿನಕ್ಕೆ ನಾಲ್ಕು ಲೋಟ ನೀರು ಅಳೆದು ಕುಡೀತೀನಿ. ಒಂದು ದಿನ ಐದಾಯ್ತು ಅಂತ ಮಾರನೇ ದಿನ ಅಳೆಯೋದೇ ಬಿಟ್ಟುಬಿಡ್ತೀನೇನೋ?”

ಸಂಜೆ ನಡೆದೇ ಮನೆಗೆ ಬಂದೆ.

ನವೆಂಬರ್ 11

89.4. ಮೂರು ಸಲ ಹತ್ತಿ ಇಳಿದೆ. 89.4! ಆಪರೇಷನ್ 28ಕ್ಕೆ.

ನವೆಂಬರ್ 19, ಮಧ್ಯಾಹ್ನ

ಅಕ್ಕನಿಗೆ ಕಿಡ್ನಿ ಸಿಕ್ಕಿದೆ. ವೇಟಿಂಗ್ ಲಿಸ್ಟಿನಿಂದ. ಯಾರೋ ತೀರಿಕೊಂಡವರ ಮನೆಯವರು ಕೊಟ್ಟರಂತೆ. ಬೆಳಿಗ್ಗೆಯೇ ಆಪರೇಷನ್ ಮುಗಿಯಿತು. ಚೆನ್ನಾಗಿದ್ದಾಳೆ. ಹೆಂಡತಿ ಅತ್ತಳು, ನಾನೂ ಅತ್ತೆ.

ನನ್ನದು ಬೇಡವಾಯಿತು. ಈ ಮಾತನ್ನು ಯಾರ ಹತ್ತಿರವೂ ಆಡುವಂತಿಲ್ಲ.

ಮಾರ್ಚ್ 30

95.1. ನಾಲ್ಕು ತಿಂಗಳಿಂದ ಈ ಡೈರಿಯನ್ನು ತೆರೆದೇ ಇರಲಿಲ್ಲ.

ಒಂದು ದಿನ ಸಕ್ಕರೆ. ಒಂದು ದಿನ ಡಿಪೋಗೆ ಸ್ಕೂಟರು. ಯಾರೂ ಕೇಳುವುದಿಲ್ಲವಲ್ಲ. ಪ್ಯಾಂಟಿನ ಗುಂಡಿ ಮಾತ್ರ ಕೇಳುತ್ತಿದೆ. ಕೂತರೆ ನಿಲ್ಲಬೇಕು, ನಿಂತರೆ ಎಲ್ಲಿಗೋ ಹೋಗಬೇಕು ಅನ್ನಿಸುತ್ತದೆ... ಎಲ್ಲಿಗೆ?

ಏಪ್ರಿಲ್ 2

ಅಕ್ಕ ಬಂದಿದ್ದಳು. ಮುಖದಲ್ಲಿ ಬಣ್ಣ ಬಂದಿದೆ. “ಎಷ್ಟಿದೀಯ?” ಅಂದಳು.

“ಎಂಬತ್ತೊಂಬತ್ತು.”

“ಲೆಕ್ಕದ ಟೀಚರಿಗೇ ಸುಳ್ಳು ಲೆಕ್ಕಾನಾ?”

ನಿಜ ಹೇಳಿದೆ. “ಈ ಕಿಡ್ನಿ ಹತ್ತೋ ಹನ್ನೆರಡೋ ವರ್ಷ ಬರಬಹುದಂತೆ. ಆಮೇಲೆ ನೀನೇ ನನ್ನ ಸ್ಟೆಪ್ನಿ.” ನಕ್ಕಳು. ನನಗೆ ನಗು ಬರಲಿಲ್ಲ.

“ಹನ್ನೆರಡು ವರ್ಷ ಹೀಗೇ ಇರಬೇಕಾ ಅಕ್ಕ?”

“ಹನ್ನೆರಡರ ಲೆಕ್ಕ ಯಾಕೋ? ಇವತ್ತಿನದು ಮಾಡು.”

ತಮಾಷೆಗೆ ಹೇಳಿದಳೋ, ಹೆದರಿಕೆಯಿಂದ ಹೇಳಿದಳೋ. ಹೋಗುವಾಗ ಒಂದು ನಿಮಿಷ ನನ್ನ ಕೈ ಹಿಡಿದೇ ಇದ್ದಳು.

ಏಪ್ರಿಲ್ 6, ಬೆಳಿಗ್ಗೆ 4.55

94.7. ಅಕ್ಕ ಕೆಳಗೆ ಗೇಟಿನ ಹತ್ತಿರ ನಿಂತಿದ್ದಾಳೆ. ಹೇಳದೆ ಕೇಳದೆ ಬಂದಿದ್ದಾಳೆ. ಮುಖಕ್ಕೆ ಮಾಸ್ಕು, ಕಾಲಿಗೆ ಹೊಸ ಬೂಟು. ಡಿಪೋ ದಾರಿಯ ಸೇತುವೆಯವರೆಗೆ ನನ್ನ ಜೊತೆ ನಡೆಯುತ್ತಾಳಂತೆ. ಹೋದ ವರ್ಷ ಎಂಟು ಮೆಟ್ಟಿಲು ಹತ್ತಲಾರದೆ ಕೂತುಬಿಡುತ್ತಿದ್ದವಳು.

ಕೂಗುತ್ತಿದ್ದಾಳೆ — “ಬರ್ತೀಯೋ, ನಾನೊಬ್ಬಳೇ ಹೋಗ್ಲೋ?”

ಒಂದು ಸಾಕ್ಸು ಸಿಕ್ಕಿದೆ. ಇನ್ನೊಂದು —